ರಂಗದ ಮೇಲೆ ಯಾರ ಐರಿಶ್? ಹವ್ಯಾಸಿ ರಂಗಪ್ರಯೋಗ ಮತ್ತು ಉಪಭಾಷೆಯ ಆಯ್ಕೆ

1901ರ ಅಕ್ಟೋಬರಿನಲ್ಲಿ ಡಬ್ಲಿನ್ನಿನ ಗೇಯಟಿ ರಂಗಮಂದಿರದಲ್ಲಿ ಡಗ್ಲಸ್ ಹೈಡ್ ಅವರ ‘ಕಾಸ ಅನ್ ತೂಗಾನ್’ ಪ್ರಯೋಗಗೊಂಡಿತು. ಶೀರ್ಷಿಕೆಯ ಅರ್ಥ ‘ಹುಲ್ಲುಹಗ್ಗದ ಹೊಸೆತ’. ನಟವರ್ಗದವರು ಗೇಲಿಕ್ ಲೀಗಿನ ಹವ್ಯಾಸಿಗಳು. ಮುಖ್ಯ ಪಾತ್ರವನ್ನು ಸ್ವತಃ ಹೈಡ್ ವಹಿಸಿದ್ದರು. ಮನ್‌ಸ್ಟರ್ ಪ್ರಾಂತದ ಮನೆಯೊಂದಕ್ಕೆ ಬಂದು, ಮದುವೆ ಗೊತ್ತಾದ ಹುಡುಗಿಯನ್ನು ಮಾತಿನಿಂದಲೇ ಮರುಳುಮಾಡುವ ಕನಾಟ್ ಪ್ರಾಂತದ ಅಲೆಮಾರಿ ಕವಿಯನ್ನು ಮನೆಯವರು ಹಗ್ಗ ಹೊಸೆಯುವ ನೆಪದಲ್ಲಿ ಹಿಮ್ಮುಖವಾಗಿ ನಡೆಸಿ ಹೊಸ್ತಿಲಾಚೆ ದಾಟಿಸಿ ಬಾಗಿಲು ಮುಚ್ಚುತ್ತಾರೆ. ವೃತ್ತಿರಂಗಮಂದಿರವನ್ನು ಪ್ರವೇಶಿಸಿದ ಮೊದಲ ಐರಿಶ್ ನಾಟಕದಲ್ಲೇ ಎರಡು ಪ್ರಾಂತಗಳು ಮುಖಾಮುಖಿಯಾದುದನ್ನು ಭಾಷಾವಿಜ್ಞಾನಿಗಳು ಅಷ್ಟಾಗಿ ಗಮನಿಸಬೇಕಾದಂತೆ ಗಮನಿಸಿಲ್ಲವೆಂದು ತೋರುತ್ತದೆ.

ಮನ್‌ಸ್ಟರ್, ಕನಾಟ್, ಅಲ್‌ಸ್ಟರ್ ಎಂಬ ಮೂರು ಪ್ರಧಾನ ಉಪಭಾಷೆಗಳಲ್ಲಿ ‘ಹೇಗಿದ್ದೀರಿ’ ಎಂಬ ಪ್ರಶ್ನೆಯ ರೂಪವೇ ಬೇರೆ ಬೇರೆ. 1958ರ ಅಧಿಕೃತ ಪ್ರಮಾಣರೂಪವು ಕಾಗುಣಿತವನ್ನೂ ವ್ಯಾಕರಣವನ್ನೂ ನಿಯಮಿಸಿತೇ ಹೊರತು ಉಚ್ಚಾರಣೆಯನ್ನಲ್ಲ. ಓದುಗನಿಗೆ ಇದರಿಂದ ತೊಡಕಿಲ್ಲ. ನಟನಿಗಾದರೋ ಬಾಯಿ ತೆರೆದೊಡನೆ ಯಾವುದಾದರೊಂದು ಪ್ರಾಂತವನ್ನು ಆಯ್ದುಕೊಳ್ಳದೆ ಗತ್ಯಂತರವಿಲ್ಲ.

ಹವ್ಯಾಸಿ ತಂಡಗಳಲ್ಲಿ ಐರಿಶನ್ನು ದ್ವಿತೀಯ ಭಾಷೆಯಾಗಿ ಕಲಿತವರು ಅನೇಕರಿರುವುದರಿಂದ ಸಮಸ್ಯೆ ಇನ್ನೂ ಸೂಕ್ಷ್ಮವಾಗುತ್ತದೆ. ‘ಅವನ’, ‘ಅವಳ’, ‘ಅವರ’ ಎಂಬ ಮೂರಕ್ಕೂ ಐರಿಶ್‌ನಲ್ಲಿರುವುದು ‘ಅ’ ಎಂಬ ಒಂದೇ ಸ್ವಾಮ್ಯಸೂಚಕ. ಭೇದವನ್ನು ಹೊರುವುದು ಮುಂದಿನ ನಾಮಪದದ ಆದಿವ್ಯಂಜನ: ‘ಬಾದ್’ ಎಂದರೆ ದೋಣಿ, ‘ಅ ವಾದ್’ ಅವನ ದೋಣಿ, ‘ಅ ಬಾದ್’ ಅವಳದು, ‘ಅ ಮಾದ್’ ಅವರದು. ತರಗತಿಯಲ್ಲಿ ಈ ಪರಿವರ್ತನೆ ತಪ್ಪಿದರೆ ಒಂದು ಅಂಕ ಹೋದೀತು. ರಂಗದ ಮೇಲೆ ದೋಣಿಯ ಒಡೆತನವೇ ಬದಲಾಗುತ್ತದೆ, ಮುಂದಿನ ಸಂಭಾಷಣೆ ಅಸಂಬದ್ಧವಾಗುತ್ತದೆ. ‘ಹೌದು’, ‘ಇಲ್ಲ’ಗಳಿಗೆ ಪ್ರತ್ಯೇಕ ಪದಗಳಿಲ್ಲದೆ ಪ್ರಶ್ನೆಯ ಕ್ರಿಯಾಪದವನ್ನೇ ಮರುನುಡಿಯಬೇಕಾದ ಭಾಷೆಯಿದು, ಎದುರುಪಾತ್ರದ ಮಾತಿಗೆ ಕಿವಿಗೊಡದ ನಟ ಉತ್ತರಿಸಲಾರ. (‘ಬಂದೆಯಾ?’ ಎಂದರೆ ‘ಬಂದೆ’ ಎನ್ನುವ ಕನ್ನಡಿಗರಿಗೆ ಇದು ತೀರ ಅಪರಿಚಿತವೇನಲ್ಲ.) ತಾಲೀಮು ಹೀಗೆ ವ್ಯಾಕರಣದ ಅಭ್ಯಾಸವೂ ಆಗುತ್ತದೆ.

1928ರಲ್ಲಿ ಗಾಲ್ವೇ ನಗರದಲ್ಲಿ ಆರಂಭವಾದ ‘ಅನ್ ತಾಯ್‌ವ್ಯಾರ್ಕ್’ ರಂಗಮಂದಿರದ ಮೊದಲ ನಾಟಕ ‘ಡೀರ್‌ಮಿದ್ ಮತ್ತು ಗ್ರಾನ್ಯ’. ಅದರ ಕರ್ತೃ ಮೀಹಾಲ್ ಮಾಕ್ ಲೀಅಮೋರ್ ಲಂಡನ್ನಿನಲ್ಲಿ ಹುಟ್ಟಿ ಐರಿಶ್ ಕಲಿತವರು. ನಗರದ ಪಶ್ಚಿಮಕ್ಕಿರುವ ಕಾನಮಾರಾದಲ್ಲಿಯೋ ಐರಿಶ್ ಮನೆಮಾತು. ಕಲಿತವನು ಬರೆದುದನ್ನು ಹುಟ್ಟುಭಾಷಿಕನ ಕಿವಿ ಪರೀಕ್ಷಿಸುವ ಸನ್ನಿವೇಶ ಇಂಥ ಸ್ಥಳದಲ್ಲಿ ಸಹಜವಾಗಿ ಒದಗುತ್ತದೆ.

ಹಾಗಾದರೆ ಮನ್‌ಸ್ಟರ್ ಲೇಖಕನ ‘ತಾಮ್’ ಎಂಬ ಸಂಶ್ಲಿಷ್ಟ ರೂಪವನ್ನು, ಅಂದರೆ ‘ಇದ್ದೇನೆ’ ಎಂಬುದನ್ನು, ಕನಾಟ್ ನಟನು ತನ್ನ ‘ತಾ ಮೇ’ ಎಂದು ಬಿಡಿಸಿ ನುಡಿಯಬಹುದೆ? ಗದ್ಯದಲ್ಲಿ ಆಕ್ಷೇಪವಿರಲಾರದು. ಪದ್ಯದಲ್ಲಿ ಒಂದು ಅಕ್ಷರ ಹೆಚ್ಚಿ ಲಯ ಕೆಡುವುದರಿಂದ, ಲೇಖಕನ ರೂಪವನ್ನು ಉಳಿಸಿ ನಟನ ಪ್ರಾಂತದ ಉಚ್ಚಾರಣೆಗೆ ಎಡೆಗೊಡುವುದೇ ಯುಕ್ತವೆಂದು ನನ್ನ ಅಭಿಪ್ರಾಯ.