ಅಜ್ಜಿಯ ಕಣದಲ್ಲಿ ಡ್ರೈವಿಂಗ್ ಟೆಸ್ಟು

ಹೊರಟಿದ್ದು ಹೆಗ್ಗೆರೆಯ ಬಸದಿ ನೋಡಲಿಕ್ಕೆ. ಹೊಯ್ಸಳರ ಕಾಲದ ಬಸದಿ. ಹೊಸದುರ್ಗ ತಾಲ್ಲೂಕಿನಲ್ಲೇ ಇದ್ದರೂ ಅದನ್ನು ನೋಡದ ಹೊಸದುರ್ಗದವರು ಬೇಕಾದಷ್ಟು ಮಂದಿ. ಆ ಪಟ್ಟಿಯಲ್ಲಿ ನಾನೂ ಉಳಿದುಕೊಂಡೆ. ಡಿಸೆಂಬರಿನ ಕೊನೆಯ ವಾರ, ಬೆಳಗಿನ ಹನ್ನೊಂದರ ಬಿಸಿಲು. ಶ್ರೀರಾಂಪುರದ ದಾರಿಯಲ್ಲಿ ಒಂದು ಹಳ್ಳಿ ದಾಟಿ ತಿರುವು ತಿರುಗಿದರೆ ಮುಂದೆ ಟಾರೇ ಕಾಣಲಿಲ್ಲ. ಇಪ್ಪತ್ತು ಮಾರು ಉದ್ದಕ್ಕೆ, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ, ಗೇಣೆತ್ತರ ಹುರುಳಿ ಗಿಡ ಹರವಿದ್ದರು. ಪಕ್ಕದಲ್ಲಿ ನುಸುಳಿ ಹೋಗಬಾರದೆಂದು ಎರಡೂ ಕಡೆ ತಲೆಗಾತ್ರದ ಕಲ್ಲುಗಳ ಸಾಲು.

ಅಭ್ಯಾಸಬಲ, ಹಾರನ್ ಒತ್ತಿದೆ. ಜಾಲಿಮರದ ನೆರಳಿನಿಂದ ಒಬ್ಬ ಅಜ್ಜಿ ಪೊರಕೆ ಹಿಡಿದು ಎದ್ದು ಬಂದರು.

‘ಯಾಕಪ್ಪ ಅಂಗೆ ಬಡ್ಕೊಂತೀಯ? ಹುರುಳಿಗೆ ಕಿವಿ ಐತಾ?’

ಉತ್ತರ ಹೊಳೆಯಲಿಲ್ಲ. ಅಜ್ಜಿ ಕಾಯಲೂ ಇಲ್ಲ. ‘ಮೆಲ್ಲಕ್ಕೆ ಹತ್ಸು. ಒಂದೇ ಸಮ ಹೋಗು. ನಡುವೆ ಬ್ರೇಕು ಹಾಕ್ಬೇಡ, ಕಾಳು ಸಿಡಿದು ಮೋರಿ ಸೇರ್ತಾವೆ’ ಎಂದು ಪೊರಕೆಯಲ್ಲೇ ದಾರಿ ತೋರಿಸಿದರು. ಎರಡನೇ ಗೇರಿನಲ್ಲಿ ಮೆಲ್ಲಗೆ ಹತ್ತಿಸಿದೆ. ಕಾರಿನ ಹೊಟ್ಟೆಗೆ ಗಿಡ ತರಚುವ ಸದ್ದು, ಚಕ್ರದಡಿ ಕಾಯಿ ಚಟಚಟ ಒಡೆಯುವ ಸದ್ದು. ಆಚೆ ದಡ ಸೇರಿದಾಗ ಹಿಂದಿನಿಂದ ಮಾತು ಕೇಳಿಸಿತು: ‘ಪರವಾಗಿಲ್ಲ.’

ನನಗೆ ಲೈಸೆನ್ಸ್ ಸಿಕ್ಕಿ ಇಪ್ಪತ್ತಾರು ವರ್ಷ. ಅವತ್ತು ಎಂಟರ ಆಕಾರದಲ್ಲಿ ಬೈಕು ಸುತ್ತಿಸಿ ಕಾಲು ಊರದೆ ತೋರಿಸಿದ್ದೇ ಕೊನೆ. ಅದಾದ ಮೇಲೆ ನನ್ನ ಚಾಲನೆಯನ್ನು ಯಾರೂ ಪರೀಕ್ಷಿಸಿಲ್ಲ. ಈ ‘ಪರವಾಗಿಲ್ಲ’ ಎಷ್ಟು ಖುಷಿ ಕೊಟ್ಟಿತೆಂದರೆ ಕಾರನ್ನು ಬದಿಗೆ ನಿಲ್ಲಿಸಿ ವಾಪಸ್ ನಡೆದು ಬಂದೆ. ಒಂದೂವರೆ ಗಂಟೆ ಅಲ್ಲೇ ಕೂತೆ.

ರಸ್ತೆ ಒಕ್ಕಣೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಸುಗ್ಗಿ ಬಂತೆಂದರೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಒಳದಾರಿಗಳೆಲ್ಲ ಅರ್ಧ ಕಣ, ಅರ್ಧ ರಸ್ತೆ. ರಾಗಿ ತೆನೆ, ಹುರುಳಿ, ತೊಗರಿ, ಅವುಗಳ ಮುಂಚೆ ಸಾವೆ. ಪತ್ರಿಕೆಗಳಲ್ಲಿ ವರ್ಷ ವರ್ಷವೂ ಸುದ್ದಿ ಬರುತ್ತದೆ, ತಲೆಬರಹವೂ ಹೆಚ್ಚುಕಡಿಮೆ ಅದೇ: ‘ರಸ್ತೆಯಲ್ಲೇ ಒಕ್ಕಣೆ, ಸವಾರರಿಗೆ ಸಂಕಟ’. ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು, ಬಿಸಿಯಾದ ಸೈಲೆನ್ಸರಿಗೆ ತಾಗಿ ಕಾರು ಹೊತ್ತಿ ಉರಿದ ಸುದ್ದಿಯೂ ಆಗಾಗ ಇರುತ್ತದೆ. ಪೇಟೆಯಿಂದ ಬಂದವರನ್ನು ನಮ್ಮ ರಸ್ತೆಗಳ ಬಗ್ಗೆ ಕೇಳಿ, ಮೊದಲು ಬೈಯುವುದು ಇದನ್ನೇ. ನಾನೂ ಬೈದವನೇ. ಆ ಒಂದೂವರೆ ಗಂಟೆಯ ಮೇಲೆ ಸ್ವಲ್ಪ ಪಕ್ಷ ಬದಲಾಯಿಸಿದ್ದೇನೆ, ಮುಂದೆ ಓದುವವರಿಗೆ ಅದು ಮೊದಲೇ ಗೊತ್ತಿರಲಿ.

ಅಜ್ಜಿಗೆ ವಾಹನಗಳ ಒಂದು ಜಾತಕವೇ ಬಾಯಿಪಾಠ. ಎಲ್ಲಕ್ಕಿಂತ ಮೇಲು ಸರ್ಕಾರಿ ಕೆಂಪು ಬಸ್ಸು. ಹಿಂದೆ ಜೋಡಿ ಚಕ್ರ, ಹದವಾದ ಭಾರ, ‘ಒಂದು ಬಸ್ಸು ಹೋದ್ರೆ ನಾಕು ಜೊತೆ ಎತ್ತು ಸುತ್ತಿದಂಗೆ.’ ಜಲ್ಲಿ ಲಾರಿ ಬೇಡವೇ ಬೇಡ, ಕಾಳು ಒಡೆದು ಬೇಳೆಯಾಗುತ್ತದೆ. ಟ್ರ್ಯಾಕ್ಟರಿನ ದೊಡ್ಡ ಚಕ್ರದ ಸಂದಿಯಲ್ಲಿ ಕಾಳು ಕಚ್ಚಿಕೊಂಡು ಪಕ್ಕದೂರಿಗೆ ಹೋಗುತ್ತದೆ. ಕಾರು ಹಗುರ, ಆದರೆ ಈಗ ಕಾರುಗಳೇ ಜಾಸ್ತಿಯಾಗಿರುವುದರಿಂದ ಅಡ್ಡಿಯಿಲ್ಲ. ಬೈಕಿನಿಂದ ನಯಾಪೈಸೆ ಉಪಯೋಗವಿಲ್ಲ. ‘ಜಾರ್ತಾರೆ, ಆಮ್ಯಾಕೆ ನಮ್ಮನ್ನೇ ಬೈತಾರೆ.’

ವಾಹನಕ್ಕಿಂತ ಚೆನ್ನಾಗಿ ಓದಿದ್ದು ಓಡಿಸುವವರನ್ನು. ಬಿಳಿ ಕಾರೊಂದು ಬಂತು. ಎಡಗೈಯಲ್ಲಿ ಫೋನು, ತುಟಿ ಆಡುತ್ತಿತ್ತು, ಕಣ್ಣು ರಸ್ತೆಯ ಮೇಲಿದ್ದರೂ ರಸ್ತೆಯನ್ನು ನೋಡುತ್ತಿರಲಿಲ್ಲ. ಹುರುಳಿಯ ನಡುಮಧ್ಯಕ್ಕೆ ಬಂದ ಮೇಲೆ ಎಚ್ಚರವಾಗಿ ಬ್ರೇಕು ಒತ್ತಿದ. ಕಾಳು ಬಾಣಲೆಯಲ್ಲಿ ಸಿಡಿದಂತೆ ಸಿಡಿದವು. ಅಜ್ಜಿ ಬೈಯಲಿಲ್ಲ. ‘ಇವನು ಇನ್ನೂ ಮನೇಲವ್ನೆ, ಕಾರೊಂದೇ ಇಲ್ಲಿಗೆ ಬಂದೈತೆ’ ಎಂದು ಚೆಲ್ಲಿದ ಕಾಳು ಗುಡಿಸಲು ಹೋದರು. ಚಾಲನೆಯಲ್ಲಿ ಫೋನು ಹಿಡಿಯುವುದರ ಬಗ್ಗೆ ನಾನು ಓದಿರುವ ಎಷ್ಟೋ ಸುತ್ತೋಲೆ, ಫಲಕಗಳಿಗಿಂತ ಈ ಮಾತು ನನಗೆ ಹೆಚ್ಚು ನಾಟಿತು.

ಆಮೇಲೆ ಒಂದೇ ಬೈಕಿನಲ್ಲಿ ಮೂವರು ಹುಡುಗರು. ನಡುವಿನವನು ಕಾಲಿನಿಂದ ಕಲ್ಲೊಂದನ್ನು ಒದ್ದು ದಾರಿ ಮಾಡಿಕೊಂಡ. ಕಲ್ಲು ಉರುಳಿ ಇನ್ನೊಂದು ಬದಿಯ ದಾರಿಗೆ ಬಂತು. ಎದುರಿಂದ ಬರುವವನ ಪಾಡು ಅವನದು. ತೆಂಗಿನಕಾಯಿ ಹೇರಿದ ಗೂಡ್ಸ್ ಆಟೊ ಬಂತು, ಕಾಯಿ ಮೇಲೆ ಜನ. ಅದರ ಚಾಲಕ ಮಾತ್ರ ನಿಧಾನಿಸಿ, ಕತ್ತು ಹೊರಹಾಕಿ, ‘ಅಜ್ಜಿ, ಎಷ್ಟಾಯ್ತು ರಾಶಿ?’ ಎಂದು ಕೇಳಿಕೊಂಡೇ ಹೋದ. ಕಾನೂನಿನ ಲೆಕ್ಕದಲ್ಲಿ ಆ ಆಟೊ ಅಷ್ಟೂ ಗಾಡಿಗಳಲ್ಲಿ ದೊಡ್ಡ ಅಪರಾಧಿ, ಅಜ್ಜಿಯ ಲೆಕ್ಕದಲ್ಲಿ ಅವತ್ತಿನ ಉತ್ತಮ ಚಾಲಕ.

ಒಂದು ಲಾರಿ ದೂರದಲ್ಲೇ ಬಲಗಡೆ ಇಂಡಿಕೇಟರ್ ಹಾಕಿ ನಿಂತಿತು. ಹಿಂದೊಂದು ಕಾರು. ಲಾರಿಯವನು ಬಲಕ್ಕೆ ಹೊಲದ ದಾರಿಗೆ ತಿರುಗುತ್ತಾನೋ, ‘ಮುಂದೆ ಖಾಲಿ ಇದೆ, ನೀನು ಹೋಗು’ ಎನ್ನುತ್ತಿದ್ದಾನೋ? ಕಾರಿನವನು ಮುಂದಕ್ಕೆ ಒಂದು ಗೇಣು, ಹಿಂದಕ್ಕೆ ಒಂದು ಗೇಣು ಆಡಿದ. ನಮ್ಮ ಹೆದ್ದಾರಿಗಳಲ್ಲಿ ಈ ಒಂದು ದೀಪಕ್ಕೆ ಎರಡು ಅರ್ಥ, ಎರಡೂ ಒಂದಕ್ಕೊಂದು ಎದುರು. ಅರ್ಥ ತಪ್ಪಿದರೆ ಪ್ರಾಣ. ಹಳೆಯ ನಿಯಮಗಳಲ್ಲಿ ಇದಕ್ಕೆ ಬೇರೆಯೇ ಕೈಸನ್ನೆ ಇತ್ತು: ತಿರುಗುವುದಾದರೆ ಬಲಗೈ ನೇರ ಚಾಚಿ ಅಂಗೈ ಮುಂದೆ ಮಾಡುವುದು, ಹಿಂದಿನವನಿಗೆ ದಾರಿ ಬಿಡುವುದಾದರೆ ಚಾಚಿದ ಕೈಯನ್ನು ಹಿಂದಿನಿಂದ ಮುಂದಕ್ಕೆ ಬೀಸುವುದು. ಲಾರಿಯ ಎಡಬಾಗಿಲಿನಲ್ಲಿ ಜೋತುಬಿದ್ದ ಕ್ಲೀನರ್ ಹುಡುಗ ಬಾಗಿಲು ಬಡಿದು ಇನ್ನೂ ಹತ್ತು ಸಂಗತಿ ಹೇಳುತ್ತಿದ್ದ. ಕ್ಲೀನರ್ ಕಡಿಮೆಯಾದ, ಕಿಟಕಿಗೆ ಗಾಜು ಏರಿತು, ಏಸಿ ಬಂತು, ಕೈ ಒಳಗೆ ಹೋಯಿತು. ಮಿಣುಕು ದೀಪ ಎಲ್ಲರ ಪರವಾಗಿ ಮಾತಾಡಲು ಹೋಗಿ ತೊದಲುತ್ತಿದೆ. ಆವತ್ತಿನ ಲಾರಿ ಕೊನೆಗೆ ತಿರುಗಲೂ ಇಲ್ಲ, ದಾರಿ ಬಿಡಲೂ ಇಲ್ಲ. ಇಂಡಿಕೇಟರ್ ಹಾಕಿದ್ದು ಅವನಿಗೆ ಮರೆತೇಹೋಗಿತ್ತು ಅಂತ ಕಾಣುತ್ತದೆ.

ಆಗ ನನ್ನ ಕಣ್ಣು ಜಾಲಿಮರದ ಬುಡಕ್ಕೆ ಹೋಯಿತು. ಅಲ್ಲಿ ಅಜ್ಜಿಯ ಹವಾಯಿ ಚಪ್ಪಲಿ ಜೋಡಿಸಿಟ್ಟಿದ್ದವು. ಒಂದರ ಬಾರು ಕಿತ್ತು ಪಿನ್ನು ಹಾಕಿತ್ತು. ಕಾದ ಟಾರಿನ ಮೇಲೆ ಅಷ್ಟು ಹೊತ್ತೂ ಅವರು ಬರಿಗಾಲಲ್ಲೇ ಓಡಾಡುತ್ತಿದ್ದರು. ಕೇಳಿದ್ದಕ್ಕೆ ನನ್ನನ್ನೇ ವಿಚಿತ್ರವಾಗಿ ನೋಡಿದರು. ‘ಕಣ ಅಲ್ವೇನಪ್ಪ?’

‘ಮತ್ತೆ ಈ ಟೈರು?’

‘ಟೈರಿಗೇನ್ ಮಾಡ್ಲಿ? ಅದುಕ್ಕೆ ಕಾಲಿಲ್ಲ.’

ಕಣ ಕಂಡು ಬೆಳೆದವರಿಗೆ ಇದರ ಹಿಂದಿನದನ್ನು ವಿವರಿಸಬೇಕಿಲ್ಲ. ನೀರು ಹಾಕಿ, ಎತ್ತು ತುಳಿಸಿ, ಸಗಣಿ ಸಾರಿಸಿ ಮಾಡಿದ ಕಣಕ್ಕೆ ಚಪ್ಪಲಿ ಕಾಲಲ್ಲಿ ಇಳಿದರೆ ದೊಡ್ಡವರು ಬೆನ್ನ ಮೇಲೆ ಹಾಕುತ್ತಿದ್ದರು. ನಡುವೆ ಮೇಟಿ, ಸುತ್ತ ರೋಣಗಲ್ಲು. ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಅನ್ನುವಂತಿಲ್ಲ, ‘ಲಾಭ’ ಅನ್ನಬೇಕು. ಯಾರು ಮೊದಲು ಒಕ್ಕಬೇಕು, ಯಾರ ಎತ್ತು ಯಾರಿಗೆ, ದಾರಿಹೋಕನಿಗೆ ಎಷ್ಟು ಮೊರ ಕೊಡಬೇಕು, ಎಲ್ಲಕ್ಕೂ ರೀತಿ ಇತ್ತು. ಬೈಗುಳ ಕಣದ ಹೊರಗೆ. ಆ ಕಣ ಈಗ ಟಾರಿನ ಮೇಲೆ ಬಂದಿದೆ, ಅಜ್ಜಿಯ ಮಟ್ಟಿಗೆ ರೀತಿಯೂ ಜೊತೆಗೇ ಬಂದಿದೆ. ಅದರ ಮೇಲೆ ಹಾಯುವವರಿಗೆ ಮಾತ್ರ ತಾವು ಎಲ್ಲಿದ್ದೇವೆಂದು ಗೊತ್ತಿಲ್ಲ.

ಹೊಲದಲ್ಲೇ ಕಣ ಯಾಕಿಲ್ಲ ಅಂದೆ. ಎತ್ತು ಮಾರಿ ಎಷ್ಟೋ ವರ್ಷವಾಯಿತು. ಕಣವಿದ್ದ ಜಾಗದಲ್ಲಿ ಮಗ ಅಡಿಕೆ ಇಟ್ಟಿದ್ದಾನೆ. ಒಂದೆಕರೆ ಹುರುಳಿಗೆ ಒಕ್ಕಣೆ ಯಂತ್ರದವನು ಬರುವುದಿಲ್ಲ, ಬಂದರೆ ಬಾಡಿಗೆ ಕೊಟ್ಟು ಉಳಿಯುವುದು ಹೊಟ್ಟು. ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಳ್ಳಲು ಅವಕಾಶವಿದೆಯಲ್ಲ ಅಂದದ್ದಕ್ಕೆ, ‘ಊರಾಗೆ ಐತೆ ಬಿಡು ಒಂದು, ಅದ್ರಾಗೆ ಬಸ್ಸು ಓಡಾಡಲ್ವಲ್ಲ’ ಎಂದರು. ಈ ತರ್ಕಕ್ಕೆ ನಾನು ಸೋತೆ.

ಮನೆಗೆ ಬಂದು ಕತ್ತರಿಸಿಟ್ಟ ಪತ್ರಿಕೆಗಳ ಫೈಲು ತೆಗೆದೆ. ರಸ್ತೆ ರೀತಿಯ ಇತಿಹಾಸವೆಲ್ಲ ದಂಡದ ಇತಿಹಾಸವೇ. 1939ರ ಮೋಟಾರು ವಾಹನ ಕಾಯ್ದೆ ಹೋಗಿ 1988ರದ್ದು ಬಂತು. 2019ರ ಸೆಪ್ಟೆಂಬರ್ 1ರಿಂದ ದಂಡ ಏರಿತು. ಕೂಗೆದ್ದು ಮೂರೇ ವಾರದಲ್ಲಿ ನಮ್ಮ ರಾಜ್ಯ ಅದನ್ನು ಇಳಿಸಿತು, ಹೆಲ್ಮೆಟ್ಟಿನದ್ದು ಸಾವಿರದಿಂದ 500ಕ್ಕೆ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಜನ ಸೀರೆ ಅಂಗಡಿಯ ಆಷಾಢದ ಸೇಲಿಗೆ ನಿಂತಂತೆ ಸಾಲುಗಟ್ಟಿದರು. ಮಗ ಹದಿನೆಂಟಾಗುವ ಮೊದಲೇ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು. ಆದರೂ ಹೈಸ್ಕೂಲಿನ ಗೇಟಿನ ಆಚೆ, ಮರದ ಮರೆಯಲ್ಲಿ ನಿಂತ ಸ್ಕೂಟರುಗಳು ಯಾರವು ಎಂದು ಯಾರೂ ಕೇಳುವುದಿಲ್ಲ. ಇನ್ನು ರಸ್ತೆಗೆ ಅಡ್ಡಿ ಮಾಡಿದವರಿಗೆ ಹಳೆಯ ದಂಡಸಂಹಿತೆಯ 283ನೇ ಕಲಮಿನಲ್ಲಿ ಇದ್ದದ್ದು ಹೆಚ್ಚೆಂದರೆ 200 ರೂಪಾಯಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ರಲ್ಲಿ ಅದು 5,000. ಅಂದರೆ ಜಾಲಿಮರದ ನೆರಳಲ್ಲಿ ಕೂತಿದ್ದ ಅಜ್ಜಿಯ ತಪ್ಪಿನ ಬೆಲೆ ಅವರಿಗೇ ತಿಳಿಯದಂತೆ ರಾತ್ರಿ ಬೆಳಗಾಗುವುದರೊಳಗೆ ಇಪ್ಪತ್ತೈದು ಪಟ್ಟಾಗಿದೆ. ಹುರುಳಿಗೆ ಯಾವ ಕಾಲದಲ್ಲೂ ಬೆಲೆ ಹಾಗೆ ಏರಿದ್ದಿಲ್ಲ.

ಅದೇ 2024ರ ಜುಲೈನಲ್ಲೇ ಕಣ್ಣು ಕುಕ್ಕುವ ಎಲ್ಇಡಿ ದೀಪಗಳ ಮೇಲೆ ರಾಜ್ಯದ ಪೊಲೀಸರು ಪ್ರಕರಣ ಹಾಕಲು ಹೊರಟರು. ಸ್ವಲ್ಪ ದಿನ ರಾತ್ರಿ ತಂಪಾಗಿತ್ತು. ಈಗ ಹೊಳಲ್ಕೆರೆ ಕಡೆಯಿಂದ ಕತ್ತಲಾದ ಮೇಲೆ ಬಂದು ನೋಡಿ. ಎದುರಿನ ಗಾಡಿ ಕಾರೋ, ಬೈಕೋ, ದೇವರ ಉತ್ಸವವೋ ತಿಳಿಯುವುದಿಲ್ಲ. ನಾವು ದೀಪ ಇಳಿಸಿದರೆ ಅವನೂ ಇಳಿಸುತ್ತಾನೆಂಬ ನಂಬಿಕೆ ನನ್ನದು. ಹತ್ತರಲ್ಲಿ ಎರಡು ಸಲ ನಿಜವಾಗುತ್ತದೆ. ಪೇಟೆಯೊಳಗಿನ ಕತೆ ಬೇರೆ. ಹೊಸದುರ್ಗದ ಮುಖ್ಯ ಬೀದಿಯಲ್ಲಿ ಎದುರುಬದುರಾಗಿ ಬಂದ ಎರಡು ಬೈಕುಗಳು ನಡುರಸ್ತೆಯಲ್ಲಿ ನಿಂತು, ಒಬ್ಬರ ಮನೆಯ ನಾಮಕರಣ, ಇನ್ನೊಬ್ಬರ ಬೋರ್‌ವೆಲ್ ಎರಡನ್ನೂ ಮುಗಿಸಿಯೇ ಹೊರಡುತ್ತವೆ. ಹಾರನ್ ಮಾಡಿದರೆ ಇಬ್ಬರೂ ತಿರುಗಿ ನೋಡುವ ನೋಟದಲ್ಲಿ ಸಿಟ್ಟಿರುವುದಿಲ್ಲ, ‘ಯಾರಪ್ಪ ಇವನು ಪಾಪ, ಏನು ಅರ್ಜೆಂಟೋ’ ಎಂಬ ಮರುಕ ಇರುತ್ತದೆ. ನಮ್ಮೂರಿಗೆ ‘ಹೊಸದುರ್ಗ ರೋಡ್’ ಎಂಬ ರೈಲು ನಿಲ್ದಾಣವಿದೆ, ಊರಿನಿಂದ ಮೈಲುಗಟ್ಟಲೆ ದೂರ. ರೋಡು ಅಂತ ಹೆಸರಿಟ್ಟುಕೊಂಡಿದ್ದರೂ ಇಡೀ ತಾಲ್ಲೂಕಿನಲ್ಲಿ ವಾಹನಗಳು ಸಿಗ್ನಲ್ಲಿಗೆ ಮರ್ಯಾದೆ ಕೊಡುವ ಜಾಗ ಅದೊಂದೇ ಅಂತ ನನ್ನ ಗುಮಾನಿ.

ಅಜ್ಜಿಯ ಪಕ್ಷ ವಹಿಸಿದೆ ಅಂದೆನಲ್ಲ, ಅದು ಸಂಜೆಯವರೆಗೆ. ಬಸದಿಗೆ ಹೊತ್ತಾಯಿತೆಂದು ಅವತ್ತು ನೆಂಟರ ಮನೆಗೆ ಹೋಗಿ ಊಟ ಮುಗಿಸಿ, ಏಳೂವರೆಗೆ ಅದೇ ದಾರಿಯಲ್ಲಿ ವಾಪಸ್ ಬಂದೆ. ಹುರುಳಿ ಇರಲಿಲ್ಲ. ರಾಶಿ ಎತ್ತಿ, ಹೊಟ್ಟು ಕಟ್ಟಿ, ರಸ್ತೆಯನ್ನು ಮನೆಯಂಗಳದಂತೆ ಗುಡಿಸಿ ಹೋಗಿದ್ದರು. ಕಲ್ಲುಗಳು ಮಾತ್ರ ಇದ್ದಲ್ಲೇ ಇದ್ದವು. ಹುಡುಗರು ಒದ್ದು ಉರುಳಿಸಿದ್ದ ಕಲ್ಲು ಸರಿಯಾಗಿ ನಡುವೆ. ನನ್ನ ಮುಂದೆ ಹೋಗುತ್ತಿದ್ದ ಬೈಕಿನವನು ಕೊನೇ ಗಳಿಗೆಯಲ್ಲಿ ವಾಲಿದ. ಅವನ ಕಾಲು ನೆಲಕ್ಕೆ ಉಜ್ಜಿದ ಸದ್ದು ಮುಚ್ಚಿದ ಕಿಟಕಿಯೊಳಗೂ ಕೇಳಿತು. ಬೀಳಲಿಲ್ಲ. ಹಿಂದೆ ಕೂತಿದ್ದ ಹೆಣ್ಣುಮಗಳ ಮಡಿಲಲ್ಲಿ ಮಗುವಿತ್ತು. ಅವನು ಕತ್ತಲಲ್ಲಿ ಯಾರಿಗೋ ಒಂದು ಬೈಗುಳ ಎಸೆದು ಮುಂದೆ ಹೋದ. ನನಗೆ ಬರಿಗಾಲಿನ ಆ ರೀತಿ, ಪಿನ್ನು ಹಾಕಿದ ಚಪ್ಪಲಿ, ಕಾಳಿನ ಮೇಲಿನ ಅಷ್ಟೊಂದು ಮಮತೆ ಎಲ್ಲ ನೆನಪಾಗಿ ಸಿಟ್ಟು ಬಂತು.

ಕಾರು ಬದಿಗೆ ಹಾಕಿ, ಅಪಾಯದ ದೀಪ ಮಿಣುಕಿಸಿ, ಕಲ್ಲು ಎತ್ತಿಡಲು ಇಳಿದೆ. ಮೂರು ಕಲ್ಲು ಸರಿಸುವಷ್ಟರಲ್ಲಿ ಹಿಂದೊಂದು ಜೀಪು ಬಂದು ನಿಂತಿತು, ಹೈ ಬೀಮು ನನ್ನ ಬೆನ್ನ ಮೇಲೆ. ನನ್ನ ನೆರಳು ರಸ್ತೆಯುದ್ದಕ್ಕೆ ಬಿದ್ದು ಹಿಡಿಯಬೇಕಾದ ಕಲ್ಲೇ ಕಾಣದಾಯಿತು. ಅವನು ಹಾರನ್ ಹೊಡೆದ. ಮತ್ತೆ ಹೊಡೆದ. ‘ಕಲ್ಲಿಗೆ ಕಿವಿ ಐತೇನಪ್ಪಾ?’ ಎಂದು ಕೂಗಿದೆ. ಹಾರನ್ ನಿಂತಿತು. ಬಾಗಿಲು ತೆರೆದ ಸದ್ದು. ಜಗಳಕ್ಕೆ ಬರುತ್ತಿದ್ದಾನೆಂದುಕೊಂಡೆ. ಲುಂಗಿ ಮೇಲೆತ್ತಿ ಕಟ್ಟಿದ ಮನುಷ್ಯನೊಬ್ಬ ಬಂದು, ಮಾತಾಡದೆ ಬಗ್ಗಿ, ನಾನು ಅಲುಗಾಡಿಸಲಾಗದ ದೊಡ್ಡ ಕಲ್ಲಿನ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಬೇಲಿಗೆ ಉರುಳಿಸಿದೆವು. ಉಳಿದವನ್ನು ಅವನೇ ಒಂದೊಂದಾಗಿ ಎತ್ತಿ ಹಾಕಿದ, ನನ್ನನ್ನು ಹತ್ತಿರ ಬಿಡಲಿಲ್ಲ.

ಕೈ ಕೊಡವಿಕೊಂಡು ಹೋಗಿ ಜೀಪು ಹತ್ತಿದ. ಬಲಗಡೆ ಇಂಡಿಕೇಟರ್ ಹಾಕಿದ. ಹೈ ಬೀಮು ಇಳಿಸದೆ, ಒಂದು ಸಲ ಉದ್ದಕ್ಕೆ ಹಾರನ್ ಹೊಡೆದು, ನನ್ನನ್ನು ದಾಟಿ ಹೊರಟುಹೋದ.