ಸರಿದೂಗುವ ಮಾತು

ವಿಜ್ಞಾನದ ಶಬ್ದಗಳಲ್ಲಿ ಎರಡು ಬಗೆ. ಕೆಲವು ವಸ್ತುಗಳನ್ನು ಹೆಸರಿಸುತ್ತವೆ. ಕೆಲವು ವ್ಯಾಪಾರಗಳನ್ನು ಹೆಸರಿಸುತ್ತವೆ. ಮೊದಲನೆಯ ಬಗೆಯವು ಕನ್ನಡಕ್ಕೆ ಬರುವಾಗ ಹೆಚ್ಚಿನ ತೊಡಕೇನೂ ಇಲ್ಲ. ಆಮ್ಲಜನಕವೆಂದರೂ ಆಕ್ಸಿಜನ್ ಎಂದರೂ ಉಸಿರಾಡುವುದು ಅದನ್ನೇ. ಎರಡನೆಯ ಬಗೆಯವನ್ನು ತರುವಾಗ ಮಾತ್ರ ಎಚ್ಚರ ಬೇಕು. ದಾರಿಯಲ್ಲಿ ಕ್ರಿಯೆ ಕಳೆದುಹೋಗಿ ಬರಿಯ ಸ್ಥಿತಿ ಉಳಿದುಬಿಟ್ಟರೆ, ಶಬ್ದ ಬಂದೂ ಅರ್ಥ ಬಾರದಂತಾಗುತ್ತದೆ. ಇಂಗ್ಲಿಷಿನ ‘ಈಕ್ವಿಲಿಬ್ರೇಟ್’ ಎಂಬುದು ಇಂಥದೊಂದು ಶಬ್ದ.

ಇದರ ಬೇರು ಲ್ಯಾಟಿನ್ನಿನಲ್ಲಿದೆ. ‘ಈಕ್ವುಸ್’ ಎಂದರೆ ಸಮ. ‘ಲಿಬ್ರಾ’ ಎಂದರೆ ತಕ್ಕಡಿ. ನಮ್ಮ ಪಂಚಾಂಗದ ತುಲಾರಾಶಿಗೆ ಪಶ್ಚಿಮದವರು ಇಟ್ಟ ಹೆಸರೂ ಇದೇ ಲಿಬ್ರಾ. ಎರಡು ತಟ್ಟೆಗಳೂ ಸಮವಾಗಿ ನಿಂತ ಸ್ಥಿತಿ ‘ಈಕ್ವಿಲಿಬ್ರಿಯಂ’. ಆ ಸ್ಥಿತಿಗೆ ಬರುವುದು, ಅಥವಾ ಒಂದನ್ನು ಆ ಸ್ಥಿತಿಗೆ ತರುವುದು, ‘ಈಕ್ವಿಲಿಬ್ರೇಟ್’. ಒಂದು ಊರಿನ ಹೆಸರು, ಇನ್ನೊಂದು ಆ ಊರಿಗೆ ನಡೆಯುವ ನಡಿಗೆ. ನಡಿಗೆಗೆ ಹೊತ್ತು ಬೇಕು. ಪಾದರಸದ ಉಷ್ಣಮಾಪಕವನ್ನು ರೋಗಿಯ ನಾಲಿಗೆಯಡಿ ಇಟ್ಟು ಕೆಲವು ನಿಮಿಷ ಕಾಯುತ್ತಿದ್ದುದು ಏಕೆ? ಗಾಜೂ ಪಾದರಸವೂ ಮೈಯ ಶಾಖಕ್ಕೆ ಬರಲೆಂದು. ಮಾವಿನ ಹೋಳುಗಳಿಗೆ ಉಪ್ಪು ಬೆರಸಿ ಜಾಡಿಯಲ್ಲಿಟ್ಟರೆ ಹೋಳಿನ ನೀರು ಹೊರಕ್ಕೆ ಬರುತ್ತದೆ, ಉಪ್ಪು ಒಳಕ್ಕೆ ಇಳಿಯುತ್ತದೆ. ದಿನಗಳು ಕಳೆದ ಮೇಲೆ ಒಳಗೂ ಹೊರಗೂ ಉಪ್ಪು ಒಂದು ಹದಕ್ಕೆ ನಿಲ್ಲುತ್ತದೆ. ‘ಉಪ್ಪು ಹಿಡಿಯಲಿ’ ಎಂದು ನಮ್ಮ ಮನೆಯ ಹೆಂಗಸರು ಹೇಳುವ ಆ ಕಾಯುವಿಕೆಯನ್ನೇ ಪ್ರಯೋಗಶಾಲೆಯವರು ಈ ಕ್ರಿಯಾಪದದಿಂದ ಸೂಚಿಸುತ್ತಾರೆ.

ಕನ್ನಡದ ಅಧ್ಯಾಪಕನಾದ ನನಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ಈಚೆಗೆ ಒಂದು ಉತ್ತರಪತ್ರಿಕೆಯನ್ನು ನನ್ನ ಮುಂದಿಟ್ಟರು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ. ‘ಸಮತೋಲನ ಬಂದ ಮೇಲೆ ಕ್ರಿಯೆ ನಿಂತುಹೋಗುತ್ತದೆ, ಆಗ ಎರಡು ಕಡೆಯ ಪದಾರ್ಥಗಳೂ ಸಮವಾಗಿರುತ್ತವೆ’ ಎಂದು ಬರೆದಿದ್ದ. ಎರಡು ವಾಕ್ಯ, ಎರಡೂ ತಪ್ಪು. ‘ಇದು ನನ್ನ ಶಾಸ್ತ್ರದ ತಪ್ಪೋ ನಿಮ್ಮ ಶಾಸ್ತ್ರದ ತಪ್ಪೋ, ನೋಡಿ ಹೇಳಿ ಸ್ವಾಮಿ’ ಎಂದರು. ಹುಡುಗ ಶಬ್ದವನ್ನು ನಂಬಿದ್ದ. ಶಬ್ದ ಅವನಿಗೆ ನಿಂತ ತಕ್ಕಡಿಯ ಚಿತ್ರವೊಂದನ್ನು ಮಾತ್ರ ಕೊಟ್ಟಿತ್ತು. ಅಂಕ ಹೋದದ್ದು ಮಾತ್ರ ಅವನದು.

ನಿಜಸ್ಥಿತಿ ಬೇರೆ. ಅರ್ಧ ನೀರು ತುಂಬಿ ಬಿರಡೆ ಹಾಕಿದ ಸೀಸೆಯನ್ನು ಗಮನಿಸಿರಿ. ಮೊದಮೊದಲು ನೀರು ಆವಿಯಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಏನೂ ನಡೆಯದಂತೆ ತೋರುತ್ತದೆ. ಆದರೆ ಆವಿಯಾಗುವುದು ನಿಂತಿಲ್ಲ. ಆವಿಯಾಗುವಷ್ಟೇ ವೇಗದಲ್ಲಿ ಆವಿ ಮರಳಿ ನೀರಾಗುತ್ತಿದೆ. ಸಮವಾದದ್ದು ವೇಗವೇ ಹೊರತು ಪ್ರಮಾಣವಲ್ಲ. ಸೀಸೆಯಲ್ಲಿ ನೀರಿನಷ್ಟೇ ತೂಕದ ಆವಿ ಇರುವುದಿಲ್ಲವಷ್ಟೆ. ‘ಸಮ’ ಎಂದೊಡನೆ ‘ಯಾವುದರಲ್ಲಿ ಸಮ?’ ಎಂದು ಕೇಳಬೇಕಾದುದು ಇಲ್ಲಿ ಅವಶ್ಯ.

ಈ ತಿಳಿವು ಪಶ್ಚಿಮದ ಪಂಡಿತರಿಗೂ ಒಮ್ಮೆಗೇ ಬಂದುದಲ್ಲ. 1798ರಲ್ಲಿ ನೆಪೋಲಿಯನ್ನನೊಡನೆ ಈಜಿಪ್ಟಿಗೆ ಹೋದ ಫ್ರೆಂಚ್ ರಸಾಯನಶಾಸ್ತ್ರಜ್ಞ ಬೆರ್ತೊಲೆ ಅಲ್ಲಿಯ ಉಪ್ಪುಸರೋವರಗಳ ದಡದಲ್ಲಿ ಸೋಡಾ ಹೆಪ್ಪುಗಟ್ಟಿರುವುದನ್ನು ಕಂಡ. ಪ್ರಯೋಗಶಾಲೆಯಲ್ಲಿ ಸೋಡಾದಿಂದ ಉಪ್ಪೂ ಸುಣ್ಣದ ಕಲ್ಲಿನ ದ್ರವ್ಯವೂ ಹುಟ್ಟುವುದನ್ನು ಆತ ಬಲ್ಲ. ಇಲ್ಲಿ ಉಪ್ಪೂ ಸುಣ್ಣದ ಕಲ್ಲೂ ಸೇರಿ ಸೋಡಾ ಹುಟ್ಟುತ್ತಿತ್ತು. ಉಪ್ಪಿನ ರಾಶಿ ಅಪಾರವಾದ್ದರಿಂದ ಕ್ರಿಯೆ ಹಿಂದಕ್ಕೆ ಹರಿದಿದೆ ಎಂದು ಆತ ಊಹಿಸಿದ. 1803ರಲ್ಲಿ ಆತ ಪ್ರಕಟಿಸಿದ ಗ್ರಂಥದ ಹೆಸರು ‘ರಾಸಾಯನಿಕ ಸ್ಥಿತಿಶಾಸ್ತ್ರ’ ಎಂಬರ್ಥದ್ದು. 1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಎಂಬ ಭಾವಮೈದುನರು ಪದಾರ್ಥದ ರಾಶಿಗೂ ಕ್ರಿಯೆಗೂ ಇರುವ ಸಂಬಂಧವನ್ನು ಗಣಿತಕ್ಕೆ ಇಳಿಸಿದರು. 1884ರಲ್ಲಿ ಹಾಲೆಂಡಿನ ವಾಂಟ್ ಹಾಫ್ ಬರೆದ ಗ್ರಂಥದ ಹೆಸರಿನಲ್ಲಿ ‘ಸ್ಥಿತಿ’ ಹೋಗಿ ‘ಗತಿ’ ಬಂದಿತು. ಸಮೀಕರಣದ ನಡುವೆ ಎದುರುಬದುರಾಗಿ ಹೋಗುವ ಎರಡು ಬಾಣಗಳನ್ನು ಹಾಕಿದವನೂ ಆತನೇ. ಸ್ಥಿತಿಯಿಂದ ಗತಿಗೆ ಬರಲು ರಸಾಯನಶಾಸ್ತ್ರಕ್ಕೆ 80 ವರ್ಷ ಹಿಡಿಯಿತು. ನಮ್ಮ ಹುಡುಗನಿಗೆ ಒಂದು ಶಬ್ದದಿಂದ ಅಷ್ಟೂ ತಿಳಿಯಲಿಲ್ಲವೆಂದು ಬಯ್ಯುವುದು ನ್ಯಾಯವಲ್ಲ.

ಇನ್ನು ನಮ್ಮ ಶಬ್ದಗಳು. ‘ಸಾಮ್ಯಾವಸ್ಥೆ’ ಎಂಬುದು ಸಾಂಖ್ಯದರ್ಶನದ ಮಾತು. ಸತ್ತ್ವ, ರಜಸ್ಸು, ತಮಸ್ಸುಗಳು ಸಮವಾಗಿರುವ ಮೂಲಪ್ರಕೃತಿಯನ್ನು ಅದು ಹೇಳುತ್ತದೆ. ‘ಸಮಸ್ಥಿತಿ’ಯ ಅರ್ಥ ಅದರ ಹೆಸರಿನಲ್ಲಿಯೇ ಇದೆ. ‘ಸಮತೋಲನ’ದಲ್ಲಿರುವ ‘ತೋಲನ’ ತೂಗುವುದೆಂಬ ಅರ್ಥದ ತುಲ್ ಧಾತುವಿನಿಂದ ಬಂದ ಕ್ರಿಯಾವಾಚಕವೇ ಆದರೂ, ಬಳಕೆಯಲ್ಲಿ ಅದೂ ಸ್ಥಿತಿವಾಚಕವಾಗಿ ಗಟ್ಟಿಯಾಗಿಬಿಟ್ಟಿದೆ. ಮೂರೂ ಒಳ್ಳೆಯ ನಾಮಪದಗಳು. ಕ್ರಿಯಾಪದ ಬೇಕಾದಾಗ ‘ಹೊಂದು’, ‘ತಲುಪು’ ಎಂಬ ಊರುಗೋಲನ್ನು ಕೇಳುತ್ತವೆ.

ಆದರೆ ಕನ್ನಡದಲ್ಲಿ ಕ್ರಿಯಾಪದವಿಲ್ಲವೆ? ಇದೆ. ನಿತ್ಯವೂ ನಾವು ಆಡುವ ‘ಸರಿದೂಗು’ ಅದೇ. ಸರಿ ಮತ್ತು ತೂಗು ಎಂಬೆರಡು ಸೇರಿ, ತಕಾರಕ್ಕೆ ದಕಾರ ಆದೇಶವಾಗಿ ಆದ ರೂಪ, ‘ತಲೆದೂಗು’ವಿನಂತೆಯೇ. ತೂಗು ಎಂಬ ಧಾತುವಿನ ಸೊಗಸನ್ನು ನೋಡಿರಿ. ಅಂಗಡಿಯವನು ಬೆಲ್ಲ ತೂಗುತ್ತಾನೆ. ತಾಯಿ ತೊಟ್ಟಿಲು ತೂಗುತ್ತಾಳೆ. ತೂಕವೂ ಓಲಾಟವೂ ಒಂದೇ ಮಾತಿನಲ್ಲಿವೆ. ಓಲಾಡದೆ ನಿಲ್ಲುವ ತಕ್ಕಡಿ ಯಾವುದೂ ಇಲ್ಲವೆಂಬುದನ್ನು ಈ ಧಾತು ಮರೆತಿಲ್ಲ. ಇಂಗ್ಲಿಷ್ ಶಬ್ದಕ್ಕಿರುವಂತೆ ಇದಕ್ಕೂ ಎರಡು ಮುಖಗಳಿವೆ: ತಾನಾಗಿ ಆಗುವುದು ‘ಸರಿದೂಗು’, ಮಾಡುವುದು ‘ಸರಿದೂಗಿಸು’. ಅಷ್ಟೇ ಅಲ್ಲ, ತಿಂಗಳ ಸಂಬಳದಲ್ಲಿ ಸಂಸಾರ ಸರಿದೂಗಿಸುವ ಗೃಹಿಣಿ ಎಂದಾದರೂ ಕೈಕಟ್ಟಿ ಕುಳಿತದ್ದುಂಟೆ? ಬರುವುದು ಬರುತ್ತಿರುತ್ತದೆ, ಹೋಗುವುದು ಹೋಗುತ್ತಿರುತ್ತದೆ, ಏರುಪೇರಾಗುವುದಿಲ್ಲ, ಅಷ್ಟೆ. ವಾಂಟ್ ಹಾಫನ ಎರಡು ಬಾಣಗಳು ಹೇಳುವುದೂ ಬಹುಮಟ್ಟಿಗೆ ಇದನ್ನೇ.

ಮನೆಮಾತು ಶಾಸ್ತ್ರಕ್ಕೆ ಸಲ್ಲದು, ಅದರ ಅರ್ಥ ಸಡಿಲ ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಲಿಬ್ರಾ ಕೂಡ ಸಂತೆಯ ತಕ್ಕಡಿಯೇ ಆಗಿತ್ತು. ಶಾಸ್ತ್ರಕಾರರು ಬಳಸಿ ಬಳಸಿ ಅದರ ಅರ್ಥವನ್ನು ಬಿಗಿಮಾಡಿದರು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಮಾಸಪತ್ರಿಕೆಯನ್ನು ನಡೆಸಹೊರಟಾಗ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದೆಂಬ ನಂಬಿಕೆಯೇ ಅವರ ಬಂಡವಾಳವಾಗಿತ್ತು. ಸಮತೋಲನವನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದು ಸ್ಥಿತಿಯ ಹೆಸರಾಗಿ ಇರಲಿ. ಜೊತೆಗೆ, ‘ದ್ರಾವಣವು ಕೋಣೆಯ ಉಷ್ಣತೆಗೆ ಸರಿದೂಗುವವರೆಗೆ ಕಾಯಿರಿ’ ಎಂದೂ, ‘ಮುಮ್ಮುಖ ಹಿಮ್ಮುಖ ಕ್ರಿಯೆಗಳೆರಡೂ ವೇಗದಲ್ಲಿ ಸರಿದೂಗುತ್ತವೆ’ ಎಂದೂ ಬರೆಯೋಣ. ಎರಡನೆಯ ವಾಕ್ಯದಲ್ಲಿ ‘ವೇಗದಲ್ಲಿ’ ಎಂಬ ಒಂದು ಮಾತು ಇದ್ದಿದ್ದರೆ ಆ ಹುಡುಗ ಎಡವುತ್ತಿರಲಿಲ್ಲ.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಈ ಶಬ್ದವನ್ನು ಮಕ್ಕಳ ಕಲಿಕೆಗೂ ಬಳಸಿದ. ಅಗಲವಾದ ಲೋಟದ ನೀರನ್ನು ಎತ್ತರದ ಸಪೂರ ಲೋಟಕ್ಕೆ ಸುರಿದರೆ ಎಳೆಯ ಮಗು ನೀರು ಹೆಚ್ಚಾಯಿತು ಎನ್ನುತ್ತದೆ. ಒಂದು ದಿನ ಆ ಎಣಿಕೆ ಕಂಡದ್ದರೊಡನೆ ಹೊಂದದೆ ಓಲಾಡತೊಡಗುತ್ತದೆ. ಆ ಓಲಾಟದಿಂದಲೇ ಹೊಸ ತಿಳಿವು ನೆಲೆಗೊಳ್ಳುತ್ತದೆ. ತರಗತಿಯಲ್ಲಿ ತಪ್ಪು ಉತ್ತರ ಕೊಡುವ ವಿದ್ಯಾರ್ಥಿ ಅನೇಕ ವೇಳೆ ಈ ಓಲಾಟದ ನಡುವೆ ಇರುತ್ತಾನೆ. ಅವನ ಕೈಗೆ ನಿಂತ ತಕ್ಕಡಿಯ ಶಬ್ದವನ್ನು ಕೊಡಬೇಕೆ, ತೂಗುತ್ತಿರುವ ತಕ್ಕಡಿಯ ಶಬ್ದವನ್ನೂ ಕೊಡಬೇಕೆ? ಪಠ್ಯಪುಸ್ತಕ ಬರೆಯುವವರು ಇದನ್ನೊಮ್ಮೆ ತೂಗಿ ನೋಡಲಿ.