ಬ್ಯಾಟರಿ ಕಾರಿಗೆ ಹೊಸ ಟೈರು: ಲೋಡು ಮೊದಲು, ಮೈಲೇಜು ಆಮೇಲೆ

ತಾಳವಾಡಿ ಸೀಮೆಯ ಗೆಟ್ಟವಾಡಿಯವರಿಗೆ ಪೇಟೆಯ ದಾರಿ ಎರಡು. ಉತ್ತರಕ್ಕೆ ತಿರುಗಿದರೆ ಚಾಮರಾಜನಗರ, ಅಲ್ಲಿಂದ ಮುಂದೆ ಮೈಸೂರು. ದಕ್ಷಿಣಕ್ಕೆ ಹೊರಟರೆ ಹಾಸನೂರು, ದಿಂಬಂ, 27 ಕಡಿದಾದ ತಿರುವುಗಳ ಘಾಟಿ, ಕೆಳಗೆ ಬಣ್ಣಾರಿಯಮ್ಮನ ಗುಡಿ, ಸತ್ಯಮಂಗಲ, ಆಮೇಲೆ ಈರೋಡು. ಮನೆಮಾತು ಕನ್ನಡ, ಜಿಲ್ಲೆ ತಮಿಳುನಾಡಿನದು. ನೆಂಟಸ್ತಿಕೆ, ವ್ಯಾಪಾರಕ್ಕೆ ಒಂದು ದಾರಿಯಾದರೆ ಜಿಲ್ಲಾ ಕಚೇರಿಯ ಕೆಲಸಕ್ಕೆ ಇನ್ನೊಂದು. ಹಾಗಾಗಿ ಇಲ್ಲಿಯ ಗಾಡಿಗಳಿಗೆ ಎರಡೂ ತಪ್ಪಿದ್ದಲ್ಲ. ಬಯಲುಸೀಮೆಯ ಕಾವು, ಘಾಟಿಯ ಮಳೆ, ಹೊಲದ ಬದಿಯ ಮಣ್ಣುಹಾದಿ ಎಲ್ಲವನ್ನೂ ಒಂದೇ ಟೈರು ತಾಳಬೇಕು. ಬ್ಯಾಟರಿ ಕಾರು ಕೊಂಡವರು, ಕಾರಿನ ಜೊತೆ ಬಂದ ಟೈರು ಸವೆದ ದಿನ, ಯಾವುದನ್ನು ಹಾಕಿಸಲಿ ಎಂದು ಯೋಚಿಸಲೇಬೇಕಾಗುತ್ತದೆ. ಆ ಆಯ್ಕೆಯೂ ಒಂದು ಕಸುಬು.

ಟೈರು ಆರಿಸುವುದು ಈ ಹಳ್ಳಿಗಳಿಗೆ ಹೊಸದೇನಲ್ಲ. ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೋ, ಎತ್ತಿನ ಟೈರ್ ಗಾಡಿಗೋ, ಎಲೆಕೋಸು ತುಂಬುವ ಪಿಕಪ್ಪಿಗೋ ಟೈರು ಕೊಳ್ಳಲು ಹೋದ ರೈತ ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಲೋಡು ತಡೀತದೆ?’ ಎಂದು. ಕಾರಿನವರು ಸಾಮಾನ್ಯವಾಗಿ ಕೇಳುವುದು ‘ಎಷ್ಟು ಕಿಲೋಮೀಟರ್ ಬರ್ತದೆ? ರೇಟೆಷ್ಟು?’ ಬ್ಯಾಟರಿ ಕಾರಿನ ಮಟ್ಟಿಗೆ ರೈತ ಕೇಳುವುದೇ ಸರಿಯಾದ ಪ್ರಶ್ನೆ. ಅದಕ್ಕೆ ಇನ್ನೊಂದನ್ನು ಸೇರಿಸಿಕೊಂಡರೆ ಸಾಕು: ‘ಮಳೆಯಲ್ಲಿ ಹಿಡೀತದಾ?’

ಲೋಡು ಏಕೆ ಮೊದಲು? 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನ್ ಇವಿಯನ್ನೇ ನೋಡಿ. ಅದರ ತೂಕ ಸುಮಾರು 1400 ಕಿಲೊ. ಅದೇ ಮೈಕಟ್ಟಿನ ಪೆಟ್ರೋಲ್ ನೆಕ್ಸಾನಿಗಿಂತ ಒಂದೂವರೆ ಕ್ವಿಂಟಾಲಿನಷ್ಟು ಹೆಚ್ಚು. ಈ ಹೆಚ್ಚಿನ ತೂಕ ಬ್ಯಾಟರಿಯದು. ಅದು ಸದಾ ಕಾರಿನ ಹೊಟ್ಟೆಯಡಿ ಇರುವಂಥದ್ದು. ಇಳಿಸಿ ಹಗುರ ಮಾಡಿಕೊಳ್ಳಲು ಬರುವುದಿಲ್ಲ. ಎರಡನೆಯದು, ಎಳೆತದ ಬಲ. ಪೆಟ್ರೋಲ್ ಎಂಜಿನ್ನಿಗೆ ಬಲ ಬರಲು ಅದು ಒಂದಿಷ್ಟು ಸುತ್ತು ತಿರುಗಬೇಕು. ವಿದ್ಯುತ್ ಮೋಟಾರಿಗೆ ಹಾಗಲ್ಲ. ಆ ಮೊದಲ ನೆಕ್ಸಾನ್ ಇವಿಯ 245 ನ್ಯೂಟನ್ ಮೀಟರ್ ತಿರುಚುಬಲ ಕಾರು ನಿಂತ ಜಾಗದಿಂದಲೇ ಚಕ್ರಕ್ಕೆ ಸಿಗುತ್ತದೆ. ಟೈರು ಸವೆಯುವುದು ಹೆಚ್ಚಾಗಿ ಆ ಕ್ಷಣದಲ್ಲಿ, ರಬ್ಬರು ರಸ್ತೆಯ ಮೇಲೆ ಕೂದಲೆಳೆಯಷ್ಟು ಜಾರುವಾಗ.

ಮೂರನೆಯದನ್ನು ಘಾಟಿಯವರು ವಿಶೇಷವಾಗಿ ಗಮನಿಸಬೇಕು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಮೋಟಾರು ಜನರೇಟರಾಗಿ ತಿರುಗಿ ಕಾರನ್ನು ತಡೆಯುತ್ತದೆ, ಬ್ಯಾಟರಿಗೆ ಚಾರ್ಜು ತುಂಬುತ್ತದೆ. ಜನ ಸಮೇತ 1700 ಕಿಲೊ ತೂಗುವ ಕಾರು ನೂರು ಮೀಟರ್ ಎತ್ತರ ಇಳಿಯುವಾಗ ಹೆಚ್ಚುಕಡಿಮೆ ಅರ್ಧ ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಅದರಲ್ಲಿ ಒಂದಷ್ಟು ಪಾಲು ಬ್ಯಾಟರಿಗೆ ಮರಳುತ್ತದೆ. ಮರಳುವುದು ಮೋಟಾರು ಇರುವ ಚಕ್ರಗಳ ಮೂಲಕ. ನೆಕ್ಸಾನಿನಲ್ಲಿ, ಟಿಯಾಗೋ ಇವಿಯಲ್ಲಿ ಅವು ಮುಂದಿನ ಚಕ್ರಗಳು. ಏರುವಾಗ ಎಳೆಯುವುದೂ ಇಳಿಯುವಾಗ ತಡೆಯುವುದೂ ಅದೇ ಎರಡು ಟೈರು. ಮಹೀಂದ್ರದ ಬಿಇ 6, ಎಕ್ಸ್‌ಇವಿ 9ಇ ಕಾರುಗಳಲ್ಲಿ ಮೋಟಾರು ಹಿಂದಿದೆ. ಅಲ್ಲಿ ಈ ದುಡಿಮೆ ಹಿಂದಿನ ಟೈರಿಗೆ. ಆದ್ದರಿಂದ ಬ್ಯಾಟರಿ ಕಾರಿನಲ್ಲಿ ಹಿಂದಿನದನ್ನು ಮುಂದಕ್ಕೂ ಮುಂದಿನದನ್ನು ಹಿಂದಕ್ಕೂ ಬದಲಿಸುವ ಕೆಲಸವನ್ನು ಎಂಟು-ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ತಪ್ಪಿಸಬಾರದು. ಇನ್ನೊಂದು ಮಾತು: ಬ್ಯಾಟರಿ ಪೂರ್ತಿ ತುಂಬಿದ್ದರೆ ಮರಳಿ ಬರುವ ವಿದ್ಯುತ್ತಿಗೆ ಅಲ್ಲಿ ಜಾಗವಿರುವುದಿಲ್ಲ, ಆಗ ಮೋಟಾರಿನ ತಡೆ ಕುಗ್ಗಿ ಬ್ರೇಕಿನ ಮೇಲೆ ಭಾರ ಬೀಳುತ್ತದೆ. ಗುಡ್ಡದ ಮೇಲಿನ ಊರಿನಿಂದ ಬೆಳಗ್ಗೆ ಘಾಟಿ ಇಳಿಯುವವರು ರಾತ್ರಿ ನೂರಕ್ಕೆ ನೂರು ಚಾರ್ಜು ಮಾಡದಿರುವುದು ಜಾಣತನ.

ಈಗ ಟೈರಿನ ಗೋಡೆಯ ಮೇಲಿನ ಬರಹಕ್ಕೆ ಬರೋಣ. ನೆಕ್ಸಾನ್ ಇವಿಯ ಅಳತೆ 215/60 ಆರ್ 16. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ಶೇಕಡ 60ರಷ್ಟು ಗೋಡೆಯ ಎತ್ತರ. ಕೊನೆಯದು ರಿಮ್ಮಿನ ಇಂಚು. ಇಷ್ಟನ್ನು ಎಲ್ಲರೂ ಓದುತ್ತಾರೆ. ಅದರ ಪಕ್ಕದಲ್ಲೇ ಸಣ್ಣದಾಗಿ 95 ಎಚ್ ಎಂದಿರುತ್ತದೆ, ಅದನ್ನು ಓದುವವರು ಕಡಿಮೆ. ಎಚ್ ವೇಗದ ಮಿತಿ, ಗಂಟೆಗೆ 210 ಕಿಲೋಮೀಟರ್. ನಮ್ಮ ರಸ್ತೆಗೆ ಅದು ಬೇಕಾದ್ದಕ್ಕಿಂತ ಹೆಚ್ಚೇ. 95 ಮಾತ್ರ ಲೋಡಿನ ಸೂಚ್ಯಂಕ. 95 ಅಂದರೆ ಒಂದು ಟೈರು 690 ಕಿಲೊ ಹೊರಬಲ್ಲದು. 91 ಅಂದರೆ 615 ಕಿಲೊ. 99 ಅಂದರೆ 775 ಕಿಲೊ; ಈ ಅಳತೆಯಲ್ಲಿ 99 ಇರುವ ಟೈರಿನ ಮೇಲೆ ಎಕ್ಸ್‌ಎಲ್ ಎಂದೂ ಬರೆದಿರುತ್ತದೆ, ಅಂದರೆ ಹೆಚ್ಚಿನ ಲೋಡಿಗೆ ಗಟ್ಟಿಮಾಡಿದ ಟೈರು.

ನಾಲ್ಕು ಟೈರಿನ ಲೋಡು ಕೂಡಿಸಿದರೆ ಕಾರಿನ ತೂಕಕ್ಕಿಂತ ಎಷ್ಟೋ ಹೆಚ್ಚಾಯಿತಲ್ಲ, ಇನ್ನೇಕೆ ಚಿಂತೆ ಎನ್ನಿಸಬಹುದು. ಆದರೆ ತೂಕ ನಾಲ್ಕಕ್ಕೂ ಸಮನಾಗಿ ಹಂಚಿಕೆಯಾಗುವುದು ಕಾರು ಸಮನೆಲದಲ್ಲಿ ನಿಂತಾಗಲೂ ಅಪರೂಪ. ಇಳಿಜಾರಿನ ತಿರುವಿನಲ್ಲಿ ಬ್ರೇಕು ಹಾಕಿದಾಗ ಭಾರದ ದೊಡ್ಡ ಪಾಲು ಮುಂದಿನ ಹೊರಬದಿಯ ಒಂದೇ ಟೈರಿನ ಮೇಲೆ ಬಂದು ಕೂರುತ್ತದೆ. ದಿಂಬಂನಲ್ಲಿ ಅದು 27 ಸಲ. ಕಾರಿನ ಕಂಪನಿ ಹೇಳಿದ ಲೋಡು ಸೂಚ್ಯಂಕಕ್ಕಿಂತ ಒಂದಂಕಿಯೂ ಕಡಿಮೆಯ ಟೈರನ್ನು ಬ್ಯಾಟರಿ ಕಾರಿಗೆ ಹಾಕಿಸಬಾರದು, ಅಂಗಡಿಯವರು ಎಷ್ಟೇ ಸಮಾಧಾನ ಹೇಳಲಿ. ಹೆಚ್ಚಿದ್ದರೆ ತೊಂದರೆಯಿಲ್ಲ.

ಅಳತೆ ಬದಲಿಸುವ ಆಸೆಯೂ ಬೇಡ. 215/60ರ ಬದಲು 215/65 ಹಾಕಿಸಿದರೆ ಚಕ್ರದ ವ್ಯಾಸ 664 ಮಿಲಿಮೀಟರಿನಿಂದ 686ಕ್ಕೆ ಏರುತ್ತದೆ; ಸ್ಪೀಡೋಮೀಟರ್ ಮೂರು ಶೇಕಡದಷ್ಟು ಕಡಿಮೆ ತೋರಿಸುತ್ತದೆ. ಅಗಲದ ಟೈರು, ದೊಡ್ಡ ರಿಮ್ಮು ನೋಟಕ್ಕೆ ಚೆನ್ನ. ಬ್ಯಾಟರಿಗೆ ಹೊರೆ.

ತಯಾರಿಕೆಯ ತಾರೀಕು ನೋಡುವುದನ್ನೂ ಕಲಿಯಬೇಕು. ಗೋಡೆಯ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. 1425 ಎಂದಿದ್ದರೆ 2025ರ 14ನೇ ವಾರದಲ್ಲಿ ಮಾಡಿದ ಟೈರು. ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಟೈರಿನ ರಬ್ಬರು ಗಡಸಾಗಿರುತ್ತದೆ. ರಿಯಾಯಿತಿ ದೊಡ್ಡದಿದ್ದಷ್ಟೂ ಈ ಅಂಕಿಯನ್ನು ಹತ್ತಿರದಿಂದ ನೋಡಿ.

ಮೈಲೇಜಿನ ಮಾತು. ಟೈರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ ಮತ್ತೆ ಮೊದಲಿನಂತಾಗುತ್ತದೆ. ಹೀಗೆ ಮಡಚಿ ಬಿಚ್ಚುವಾಗ ರಬ್ಬರು ಕಾಯುತ್ತದೆ, ಆ ಕಾವು ಬ್ಯಾಟರಿಯಿಂದ ಹೋದ ಶಕ್ತಿ. ಒಳ್ಳೆಯ ಟೈರಿಗೂ ಸಾಧಾರಣ ಟೈರಿಗೂ ಇದರಲ್ಲಿ ಎಷ್ಟು ಅಂತರ? 1700 ಕಿಲೊದ ಕಾರಿಗೆ ಲೆಕ್ಕ ಹಾಕಿದರೆ ನೂರು ಕಿಲೋಮೀಟರಿಗೆ ಸುಮಾರು 1.4 ಯೂನಿಟ್ ಬರುತ್ತದೆ. ಇಂಥ ಕಾರು ನೂರು ಕಿಲೋಮೀಟರಿಗೆ ಹದಿನಾಲ್ಕು ಯೂನಿಟ್ ತಿನ್ನುತ್ತದೆ ಎಂದಿಟ್ಟುಕೊಂಡರೆ ಹತ್ತರಲ್ಲೊಂದು ಪಾಲು. 200 ಕಿಲೋಮೀಟರ್ ಹೋಗುವ ಕಾರು 180ಕ್ಕೆ ನಿಲ್ಲುತ್ತದೆ. ಸಣ್ಣ ನಷ್ಟವಲ್ಲ. ಬ್ಯಾಟರಿ ಕಾರಿಗೆ ಹೊಸ ಟೈರು ಹಾಕಿಸಿದ ಮೇಲೆ ‘ರೇಂಜು ಬಿದ್ದುಹೋಯಿತು, ಬ್ಯಾಟರಿ ಕೆಟ್ಟಿದೆ’ ಎಂದು ಗಾಬರಿಯಾಗುವವರಿಗೆ ಕಾರಣ ಅನೇಕ ಸಲ ಇಲ್ಲಿದೆ. ಹೊಚ್ಚ ಹೊಸ ಟೈರಿನ ದಪ್ಪ ರಬ್ಬರು ಮೊದಮೊದಲು ಸ್ವಲ್ಪ ಹೆಚ್ಚೇ ತಿನ್ನುತ್ತದೆ ಎಂಬುದನ್ನೂ ನೆನಪಿಡಬೇಕು.

ಹಾಗಾದರೆ ಕಡಿಮೆ ತಿನ್ನುವ ಟೈರನ್ನೇ ಆರಿಸಿದರಾಯಿತಲ್ಲ? ಇಲ್ಲಿಯೇ ಟೈರು ತಯಾರಕರ ಹಳೆಯ ತಲೆನೋವು ಇರುವುದು. ಕಡಿಮೆ ಶಕ್ತಿ ತಿನ್ನುವುದು, ಒದ್ದೆ ರಸ್ತೆಯಲ್ಲಿ ಹಿಡಿಯುವುದು, ಬಹುಕಾಲ ಬಾಳುವುದು, ಈ ಮೂರರಲ್ಲಿ ಒಂದನ್ನು ಎಳೆದರೆ ಇನ್ನೊಂದು ಸಡಿಲವಾಗುತ್ತದೆ. ರಬ್ಬರಿಗೆ ಬೆರೆಸುವ ಕಾರ್ಬನ್ ಮಸಿಯ ಬದಲು ಸಿಲಿಕಾ ಬೆರೆಸಿ, ಹಿಡಿತ ಬಿಡದೆ ಕಾವನ್ನು ತಗ್ಗಿಸುವ ದಾರಿಯನ್ನು ಫ್ರಾನ್ಸಿನ ಮಿಷೆಲಿನ್ 1992ರಲ್ಲಿ ಮಾರುಕಟ್ಟೆಗೆ ತಂದಿತು. ಇಂದಿನ ಬ್ಯಾಟರಿ ಕಾರಿನ ಟೈರುಗಳೆಲ್ಲ ಆ ಸಿಲಿಕಾ ಬೆರಕೆಯ ಸಂತಾನ. ಆದರೂ ಎಳೆದಾಟ ಪೂರ್ತಿ ನಿಂತಿಲ್ಲ.

ಬೆಂಗಳೂರಿನ ಸಮತಟ್ಟು ರಸ್ತೆಯಲ್ಲಿ ಕಚೇರಿಗೆ ಓಡಾಡುವವರು ಮೈಲೇಜನ್ನು ಮುಂದಿಡಲಿ. ದಿಂಬಂ ಇಳಿಯುವವರು ಹಿಡಿತವನ್ನೇ ಮುಂದಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಟೈರಿಗೆ ದರ್ಜೆ ಕೊಡುವ ಐರೋಪ್ಯ ಲೇಬಲ್ಲಿನ ಲೆಕ್ಕದಂತೆ, ಗಂಟೆಗೆ 80 ಕಿಲೋಮೀಟರ್ ವೇಗದಿಂದ ಒದ್ದೆ ರಸ್ತೆಯಲ್ಲಿ ಬ್ರೇಕು ಹಾಕಿದಾಗ, ಅತ್ಯುತ್ತಮ ದರ್ಜೆಯ ಟೈರಿಗೂ ಕೊನೆಯ ದರ್ಜೆಯ ಟೈರಿಗೂ ನಿಲ್ಲುವ ದೂರದಲ್ಲಿ 18 ಮೀಟರಿನವರೆಗೆ ಅಂತರವಿರುತ್ತದೆ. ಇಪ್ಪತ್ತು ಕಿಲೋಮೀಟರ್ ರೇಂಜು ಹೋದರೆ ಚಾರ್ಜು ಮಾಡಿಕೊಳ್ಳಬಹುದು. ತಿರುವಿನಲ್ಲಿ ಹದಿನೆಂಟು ಮೀಟರ್ ಹೋದರೆ ಏನೂ ಮಾಡಲಾಗದು.

ನಮ್ಮ ದೇಶದಲ್ಲೂ ಈಗ ಇದಕ್ಕೆ ಕಾನೂನಿದೆ. ಉರುಳುವಾಗ ತಿನ್ನುವ ಶಕ್ತಿ, ಒದ್ದೆ ರಸ್ತೆಯ ಹಿಡಿತ, ಉರುಳುವ ಸದ್ದು, ಈ ಮೂರಕ್ಕೂ ಮಿತಿ ಹಾಕುವ ನಿಯಮವನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2022ರ ಜೂನಿನಲ್ಲಿ ಹೊರಡಿಸಿತು. ಇಂಧನ ದಕ್ಷತಾ ಬ್ಯೂರೊ ಫ್ರಿಜ್ಜಿಗೆ ಕೊಡುವಂತೆ ಟೈರಿಗೂ ನಕ್ಷತ್ರ ಕೊಡುವ ಪದ್ಧತಿ ತಂದಿದೆ. ಈ ನಕ್ಷತ್ರಗಳು ಮುಖ್ಯವಾಗಿ ಶಕ್ತಿಯ ಉಳಿತಾಯ ಹೇಳುತ್ತವೆ. ಐದು ನಕ್ಷತ್ರ ಇದ್ದ ಮಾತ್ರಕ್ಕೆ ಮಳೆಯ ಹಿಡಿತದಲ್ಲೂ ಅದೇ ಮೊದಲು ಎಂದು ತಿಳಿಯಬಾರದು.

ಟೈರಿನ ವಿಚಾರದಲ್ಲಿ ತಾಳವಾಡಿಯವರಿಗೆ ಮೈಸೂರು ಬರೀ ದೊಡ್ಡ ಪೇಟೆಯಲ್ಲ. ಕರ್ನಾಟಕ ಸರ್ಕಾರದ ಉದ್ಯಮವಾಗಿದ್ದ ವಿಕ್ರಾಂತ್ ಟೈರ್ಸ್ ಇದ್ದದ್ದು ಅಲ್ಲೇ. 1997ರಲ್ಲಿ ಅದು ಜೆಕೆ ಟೈರ್ ಕೈಗೆ ಹೋಯಿತು. ಕಾರ್ಖಾನೆ ಇಂದಿಗೂ ನಡೆಯುತ್ತಿದೆ, ವಿಕ್ರಾಂತ್ ಎಂಬ ಹೆಸರು ಟೈರಿನ ಮೇಲೆ ಉಳಿದಿದೆ. ಈ ಭಾಗದ ಲಾರಿ, ಬಸ್ಸಿನವರ ಬಾಯಲ್ಲಿ ಆ ಹೆಸರು ಮನೆಯವರ ಹೆಸರಿನಷ್ಟು ಸಲೀಸು. 2022ರ ಆಸುಪಾಸಿನಲ್ಲಿ ಜೆಕೆ ಬ್ಯಾಟರಿ ವಾಹನಗಳಿಗೆಂದೇ ಟೈರು ತಂದಿತು. ಅಪೊಲೊ ಕಂಪನಿಯ ಆಂಪೀರಿಯನ್, ಸಿಯೆಟ್‌ನ ಎನರ್ಜಿಡ್ರೈವ್ ಬಂದದ್ದೂ ಆ ಹೊತ್ತಿಗೇ. ಟೈರಿನ ಸಹಜ ರಬ್ಬರಂತೂ ಕನ್ನಡ ನಾಡಿಗೆ ಪರಕೀಯವಲ್ಲ; ಸುಳ್ಯ, ಪುತ್ತೂರು, ಕಾಸರಗೋಡಿನ ತೋಟಗಳಲ್ಲಿ ಹೊಗೆಯಾಡಿಸಿದ ಶೀಟು ಈ ಉದ್ದಿಮೆಗೇ ಹೋಗುವುದು.

ಟೈರಿನ ಮೇಲೆ ‘ಇವಿ’ ಎಂದು ಬರೆದಿರಲೇಬೇಕೆ? ಬೇಕಿಲ್ಲ. ಅಳತೆ, ಲೋಡು ಸೂಚ್ಯಂಕ, ಹಿಡಿತ ಸರಿಯಿದ್ದರೆ ಸಾಮಾನ್ಯ ಟೈರೂ ಆದೀತು. ಆ ಅಕ್ಷರವಿದ್ದ ಟೈರಿನಲ್ಲಿ ಗೋಡೆ ಬಿಗಿಯಾಗಿರುತ್ತದೆ, ಸದ್ದು ಕಡಿಮೆಯಿರುತ್ತದೆ. ಎಂಜಿನ್ನಿನ ಸದ್ದಿಲ್ಲದ ಕಾರಿನಲ್ಲಿ ಟೈರಿನ ಸದ್ದು ಎದ್ದು ಕೇಳುವುದರಿಂದ ಕೆಲವು ದುಬಾರಿ ಟೈರುಗಳ ಒಳಗೆ ಸ್ಪಂಜಿನ ಪಟ್ಟಿ ಅಂಟಿಸಿರುತ್ತಾರೆ. ಅಂಥದ್ದು ಪಂಕ್ಚರಾದರೆ ತೂತಿನ ಜಾಗದ ಸ್ಪಂಜು ಕೆತ್ತಿ, ಒಳಗಿನಿಂದ ಪ್ಯಾಚು ಹಾಕಿ, ಮತ್ತೆ ಅಂಟಿಸಬೇಕು. ಈ ಕೆಲಸ ಬಲ್ಲವರು ಹತ್ತಿರದಲ್ಲಿ ಇಲ್ಲದ ಊರಿನವರು ಸ್ಪಂಜಿಲ್ಲದ ಟೈರನ್ನೇ ಕೊಳ್ಳುವುದು ಲೇಸು.

ಟೈರು ಹಾಕುವ ಕೈಯ ಕಸುಬೂ ಇದರಲ್ಲಿ ಸಮಪಾಲು. ಬ್ಯಾಟರಿ ಕಾರಿನ ಅಡಿಯಲ್ಲಿ ಉದ್ದಕ್ಕೂ ಬ್ಯಾಟರಿಯ ಪೆಟ್ಟಿಗೆ ಇರುತ್ತದೆ. ಜಾಕಿ ಕೊಡಬೇಕಾದ್ದು ಕಂಪನಿ ಗುರುತಿಸಿದ ನಾಲ್ಕು ಜಾಗದಲ್ಲಿ ಮಾತ್ರ. ಅಂದಾಜಿನ ಮೇಲೆ ನಡುವೆ ಕೊಟ್ಟರೆ ಪೆಟ್ಟಿಗೆಯೇ ಜಖಂ ಆದೀತು, ಆ ಖರ್ಚಿನ ಮುಂದೆ ಟೈರಿನ ಖರ್ಚು ಯಾವ ಲೆಕ್ಕ! ನಟ್ಟುಗಳನ್ನು ಗನ್ನಿನಿಂದ ಬಿಗಿದು ಬಿಡದೆ, ಅಳತೆಯ ಸ್ಪ್ಯಾನರಿನಿಂದ ಕೊನೆಯ ಬಿಗಿ ಕೊಡುವವನು ಕಸುಬುದಾರ. ಗಾಳಿ ತೋರಿಸುವ ಸೆನ್ಸರ್ ರಿಮ್ಮಿನೊಳಗೆ ಇದೆಯೇ ಎಂದು ಟೈರು ಕಳಚುವ ಮುನ್ನ ಅವನೇ ಕೇಳಿ ತಿಳಿಯುತ್ತಾನೆ. ಎರಡೇ ಟೈರು ಕೊಳ್ಳುವಷ್ಟು ದುಡ್ಡಿದ್ದರೆ ಹೊಸದನ್ನು ಹಿಂದಕ್ಕೆ ಹಾಕುತ್ತಾನೆ, ಎಳೆಯುವ ಚಕ್ರ ಮುಂದಿದ್ದರೂ. ಮಳೆಯಲ್ಲಿ ಮುಂಭಾಗ ಜಾರಿದರೆ ವೇಗ ಇಳಿಸಿ ಸುಧಾರಿಸಿಕೊಳ್ಳಬಹುದು. ಹಿಂಭಾಗ ಜಾರಿದರೆ ಕಾರು ತಿರುಗಿ ನಿಲ್ಲುತ್ತದೆ.

ಸ್ಟೆಪ್ನಿಯ ವಿಷಯವನ್ನು ಈ ಸೀಮೆಯವರು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಟ್ಯೂಬ್‌ಲೆಸ್ ಟೈರು, ಗಾಳಿಯ ಸೆನ್ಸರ್, ಪಂಕ್ಚರ್ ಕಿಟ್ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ನಿಯಮ ಬದಲಾಯಿತು. ಹಲವು ಬ್ಯಾಟರಿ ಕಾರುಗಳು ಸ್ಟೆಪ್ನಿಯಿಲ್ಲದೆ ಬರುತ್ತಿವೆ. ಆದರೆ ಹಾಸನೂರಿನಿಂದ ಬಣ್ಣಾರಿಯವರೆಗಿನ ರಸ್ತೆ 2013ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವ ಸತ್ಯಮಂಗಲ ಕಾಡಿನೊಳಗಿನದು. ಕಬ್ಬಿನ ಲಾರಿಗಳನ್ನು ಆನೆಗಳು ತಡೆದು ನಿಲ್ಲಿಸುವ ರಸ್ತೆ ಅದು. 2022ರ ಫೆಬ್ರುವರಿಯಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಟೈರಿನ ಗೋಡೆ ಸೀಳಿದರೆ ಕಿಟ್ಟಿನ ಅಂಟು ಕೆಲಸಕ್ಕೆ ಬಾರದು. ಡಿಕ್ಕಿಯಲ್ಲಿ ಜಾಗ ಹೋದರೂ ಸರಿ, ಇಲ್ಲಿಯವರು ಒಂದು ಸ್ಟೆಪ್ನಿ, ಒಂದು ಜಾಕಿ ಇಟ್ಟುಕೊಳ್ಳಲೇಬೇಕು.

ಗಾಳಿಯನ್ನು ಬೆಳಗ್ಗೆ, ಟೈರು ತಣ್ಣಗಿದ್ದಾಗ ನೋಡಿಸಿ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿದೆ. ಐದಾರು ಡಿಗ್ರಿ ಕಾವು ಏರಿದರೆ ಒಂದು ಪಿಎಸ್‌ಐ ಗಾಳಿಯೊತ್ತಡ ಏರುತ್ತದೆ. ತಾಳವಾಡಿಯ ಚಳಿಯಲ್ಲಿ ಸರಿಯಿದ್ದದ್ದು ಸತ್ಯಮಂಗಲದ ಮಧ್ಯಾಹ್ನ ಮೂರು ನಾಲ್ಕು ಹೆಚ್ಚು ತೋರಿಸಿದರೆ ಅದು ಸಹಜ. ಅಲ್ಲಿ ಗಾಳಿ ಬಿಟ್ಟು ಇಳಿಸಿದರೆ ಮರುದಿನ ಊರಿನಲ್ಲಿ ಟೈರು ಕುಗ್ಗಿರುತ್ತದೆ.

ತಾಳವಾಡಿ ಸೀಮೆಗೆ ಒಳ್ಳೆಯ ಮಳೆ ಬೀಳುವುದು ಹಿಂಗಾರಿನಲ್ಲಿ, ದೀಪಾವಳಿಯ ಆಸುಪಾಸು. ಇದೇ ಸೀಮೆಯ ಗುಮಟಾಪುರದಲ್ಲಿ ಸಗಣಿ ಎರಚಾಡುವ ಗೊರೆ ಹಬ್ಬಕ್ಕೆ ಬರುವ ಕಾರುಗಳು ರಸ್ತೆ ತುಂಬುವುದೂ ಆಗಲೇ. ಟೈರಿನ ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ. ಮೇಲ್ಮೈ ಸವೆದು ದಿಣ್ಣೆಗೆ ಸಮನಾದರೆ ಉಳಿದ ಆಳ 1.6 ಮಿಲಿಮೀಟರ್, ಕಾನೂನಿನ ಕೊನೆಯ ಮಿತಿ. ಘಾಟಿಯ ಮಳೆಗೆ ಅಷ್ಟು ಸಾಲದು. 3 ಮಿಲಿಮೀಟರಿಗೆ ಇಳಿದಾಗಲೇ ಬದಲಿಸಿ. ಬ್ಯಾಟರಿ ಕಾರು ಇಟ್ಟುಕೊಂಡಿರುವವರು ಈ ಸಲ ಹಬ್ಬದ ಬಟ್ಟೆಗೆ ಪೇಟೆಗೆ ಹೋದಾಗ ಟೈರಿನ ಅಂಗಡಿಗೂ ಒಮ್ಮೆ ಹೋಗಿ, ನಾಲ್ಕೂ ಚಕ್ರದ ಆಳ ಅಳೆಸಿ ಬನ್ನಿ.